ತೆರೆದಿಟ್ಟ ಫೈಲು

ಬಸ್ಸಿನಲ್ಲಿ ಮೂವರ ಸೀಟಿನ ತುದಿಗೆ ಕರಡು ತಿದ್ದುವಾಕೆ ಫೋನಿನಲ್ಲಿ ಏನೋ ಓದುತ್ತ ಕೂತಿದ್ದಳು. ಪಕ್ಕದಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಪುಟವಿನ್ಯಾಸದ ಹುಡುಗಿ ಕಿಟಕಿಯ ಬದಿಗೆ ಕೂತ ತನ್ನ ಸಂಪಾದಕರೊಡನೆ ಗೊಣಗುತ್ತಿದ್ದಳು.

"ಸಾರ್, ಪುಟ ಸೇವ್ ಆಗ್ತಾನೇ ಇಲ್ಲ. ಇನ್ಯಾರೋ ಫೈಲು ತೆರೆದಿಟ್ಕೊಂಡಿದ್ದಾರೆ."

"ಯಾರಮ್ಮ?"

"ಕರಡು ತಿದ್ತಿದ್ರಲ್ಲ, ಆ ಅಕ್ಕ."

"ಅವರು ಕೆಲಸ ಬಿಟ್ಟು ಆರು ತಿಂಗಳಾಯ್ತಲ್ಲ!"

"ದಿನಾ ತೆರೀತಾರೆ ಸಾರ್. ಒಂದಕ್ಷರ ಮುಟ್ಟಲ್ಲ, ಸುಮ್ನೆ ಓದ್ತಾರೆ."

"ಫೋನ್ ಮಾಡಿ ಕೇಳೋದಲ್ವಾ?"

"ಮನೆಯಿಂದ್ಲೇ ಕೆಲಸ ಮಾಡ್ತಿದ್ರು. ನಾವ್ಯಾರೂ ಮುಖಾನೇ ನೋಡಿಲ್ಲ, ನಂಬರ್ ಎಲ್ಲಿಂದ ತರ್ಲಿ?"

ಸೀಟಿನ ತುದಿಯಲ್ಲಿದ್ದಾಕೆ ತನ್ನ ಫೋನಿನಲ್ಲಿದ್ದ ಫೈಲನ್ನು ಮುಚ್ಚಿದಳು.

"ಅರೆ, ಸೇವ್ ಆಯ್ತು ಸಾರ್!"

"ನೋಡಿದ್ಯಾ, ತಾನಾಗೇ ಸರಿಹೋಯ್ತು. ಆದ್ರೂ ಫೋಲ್ಡರಿಂದ ಅವರ ಹೆಸರು ತೆಗೆದುಬಿಡು. ನಾಳೆ ಮತ್ತೆ ಇದೇ ಗೋಳು ಬೇಡ."

"ತೆಗೆದೆ ಸಾರ್."

ನಿಲ್ದಾಣ ಬಂತು. ಹುಡುಗಿ, ಸಂಪಾದಕರು ಇಬ್ಬರೂ ಎದ್ದರು.

"ಸ್ವಲ್ಪ ಜಾಗ ಬಿಡಿ, ಅಕ್ಕ."

ಆಕೆ ಮೊಣಕಾಲು ಸರಿಸಿ ದಾರಿ ಬಿಟ್ಟಳು.