ಎರಡು ಸಲ ಬಡಿದರೆ ಹೋಗಬಹುದು

ಹಲೋ… ಹಲೋ, ಯಾರು ಮಾತಾಡ್ತಿರೋದು? ಅತ್ತಿಗೇನಾ? ದನಿ ಗುರುತೇ ಸಿಗಲಿಲ್ಲ, ನೆಗಡೀನಾ? ಹಾಂ, ನಾನೇ ಅತ್ತಿಗೆ, ಅಣ್ಣ ಓಡಿಸೋ ಶಾಲೆ ಬಸ್ಸಿನ ಆಯಾ… ಹೂಂ, ಅದೇ ‘ಕೂತ್ಕೋ ಆಂಟಿ’. ನಗಿ, ನಗಿ. ದಿನವೆಲ್ಲಾ ಕೂತ್ಕೋ ಕೂತ್ಕೋ ಅಂತ ಅರಚಿದ್ರೆ ಮಕ್ಕಳು ಇನ್ನೇನು ಹೆಸರಿಡ್ತಾರೆ?

…

ಅಯ್ಯೋ ಇಲ್ಲ, ಅಣ್ಣಂಗೆ ಏನೂ ಆಗಿಲ್ಲ. ಅಲ್ಲೇ ಗೇಟಿನ ಹತ್ರ ಬಸ್ಸಿನ ಗಾಜು ಒರೆಸ್ತಿದಾರೆ. ನಾನು ಸೈಕಲ್ ಶೆಡ್ಡಿನ ಹಿಂದೆ ಬಂದು ಮಾತಾಡ್ತಿದೀನಿ, ಅವರಿಗೆ ಕೇಳಿಸಬಾರ್ದು. ಮೂರೂವರೆಗೆ ಬೆಲ್ಲು. ಇನ್ನು ಕಾಲು ಗಂಟೆ ಇದೆ ಅಷ್ಟೆ. ಅತ್ತಿಗೆ, ನಿಂತಿದೀರಾ? ಕೂತ್ಕೊಳ್ಳಿ… ನೋಡಿ, ನಿಮಗೂ ಅದನ್ನೇ ಹೇಳ್ದೆ.

…

ಹೇಳ್ತೀನಿ. ಹೆಂಗೆ ಹೇಳೋದು ಅಂತ ಗೊತ್ತಾಗ್ತಿಲ್ಲ, ಸ್ವಲ್ಪ ತಾಳಿ… ಅಣ್ಣಂಗೆ ಕಣ್ಣು ಸರಿಯಾಗಿ ಕಾಣಲ್ಲ ಅತ್ತಿಗೆ. ಎದುರಿಗಿರೋದು ಕಾಣತ್ತೆ, ಪಕ್ಕದಿಂದ ಬರೋದು ಕಾಣಲ್ಲ. ಎರಡು ತಿಂಗಳಾಯ್ತು ನನಗೆ ಗೊತ್ತಾಗಿ. ಅವರೇ ಹೇಳಿದ್ರು. “ಎಡಗಡೆ ಸ್ವಲ್ಪ ನೋಡ್ಕೊಳ್ಳಮ್ಮ, ಕನ್ನಡಕ ಬದಲಾಯಿಸಿದ್ರೆ ಸರಿಹೋಗತ್ತೆ” ಅಂದ್ರು. ಸರಿ ಅಂದೆ. ಅಣ್ಣ ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ?

…

ಹೆಂಗೆ ಅಂದ್ರೆ, ಬಾಗಿಲ ಹತ್ರ ಕಂಬಿ ಇದೆಯಲ್ಲಾ, ನಾನು ಹಿಡ್ಕೊಂಡು ನಿಲ್ಲೋದು? ಅದನ್ನ ಬಳೆಯಿಂದ ಬಡೀತೀನಿ. ಒಂದು ಸಲ ಬಡಿದ್ರೆ ಪಕ್ಕದಲ್ಲಿ ಯಾರೋ ಇದಾರೆ, ನಿಲ್ಲಿ. ಎರಡು ಸಲ ಬಡಿದ್ರೆ ಖಾಲಿ, ಹೋಗಬಹುದು. ಮಕ್ಕಳಿಗೆ ಅದೊಂದು ಆಟ ಅನ್ಸಿದೆ. ಆಂಟಿ ತಾಳ ಹಾಕ್ತಾರೆ ಅಂತಾರೆ.

…

ಆ ಮಾತಿಗೇ ಬರ್ತಿದೀನಿ. ಇವತ್ತು ಬೆಳಿಗ್ಗೆ ಔಷಧಿ ಅಂಗಡಿ ಸ್ಟಾಪಿನಲ್ಲಿ, ಆ ಒಂದನೇ ಕ್ಲಾಸಿನ ಪುಟ್ಟಿ ಇದಾಳಲ್ಲಾ, ಬೆನ್ನಿಗಿಂತ ಚೀಲ ದೊಡ್ಡದು… ಅವಳನ್ನ ಹತ್ತಿಸೋಕೆ ನಾನು ಕೆಳಗಿಳಿದಿದ್ದೆ. ಅವಳ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕೆಳಗೆ. ಅಷ್ಟರಲ್ಲಿ ಒಳಗೆ ಯಾರೋ ತುಂಟ ನೀರಿನ ಬಾಟಲಿ ತಗೊಂಡು ಕಂಬಿಗೆ ಟಣ್ ಟಣ್ ಅಂತ ಎರಡು ಸಲ ಬಡಿದ… ಅಣ್ಣ ಗಾಡಿ ಬಿಟ್ರು.

…

ಇಲ್ಲ! ಇಲ್ಲ ಅತ್ತಿಗೆ, ಬದುಕಿದಾಳೆ, ಏನೂ ಆಗಿಲ್ಲ. ರೆಟ್ಟೆ ಹಿಡಿದು ಎಳ್ಕೊಂಡೆ, ಇಬ್ಬರೂ ಹಿಂದಕ್ಕೆ ಬಿದ್ವಿ. ಮೊಣಕಾಲು ತರಚಿದೆ ಅಷ್ಟೆ. ಒಂದು ಕಾಲಿನ ಶೂ ಕಳಚಿ ಚಕ್ರದ ಕೆಳಗೆ ಹೋಯ್ತು. ಹಪ್ಪಳ ಆಗಿದೆ ಅದು. ಅವಳ ಅಮ್ಮ ರಸ್ತೆ ಆಚೆ ಮಹಡಿ ಕಿಟಕೀಲಿ ನಿಂತು ಕೈ ಬೀಸ್ತಿದ್ಲು ಅತ್ತಿಗೆ… ಬಸ್ಸು ಅಡ್ಡ ಇತ್ತು, ಏನೂ ಕಂಡಿಲ್ಲ ಅವಳಿಗೆ. ಮಗು ಇಡೀ ದಿನ ಒಂದೇ ಶೂ ಹಾಕ್ಕೊಂಡು ಕೂತಿದೆ. ಮಧ್ಯಾಹ್ನ ಹೋಗಿ ನೋಡಿದ್ರೆ ನನ್ನ ನೋಡಿ ನಗ್ತು.

…

ಅವರ ತಪ್ಪು ಅಂತ ನಾನೆಲ್ಲಿ ಅಂದೆ? “ನೀನೇ ಎರಡು ಸಲ ಬಡಿದ್ಯಲ್ಲಮ್ಮ” ಅಂತ ಒಂದೇ ಸಮ ಕೇಳಿದ್ರು. ನಾನಲ್ಲ ಅಣ್ಣ ಅಂದೆ. ಆಮೇಲೆ ಸ್ಟೀರಿಂಗ್ ಮೇಲೆ ತಲೆ ಇಟ್ಕೊಂಡ್ರು. ಮತ್ತೆ ಎದ್ದು ಗಾಡಿ ಓಡಿಸಿದ್ರು. ಇನ್ನೇನು ಮಾಡ್ತಾರೆ, ಒಳಗೆ ಮೂವತ್ತೆರಡು ಮಕ್ಕಳು.

…

ಹಾಂ? ಏನಂದ್ರಿ?… ಯಾವ ಡಾಕ್ಟ್ರು?

…

ತಾಳಿ ತಾಳಿ. ಗಾಡಿ ಓಡಿಸಲೇಬಾರ್ದು ಅಂತ ಬರೆದು ಕೊಟ್ರಾ? ಯಾವಾಗ?… ಹೋದ ವರ್ಷವಾ! ಅತ್ತಿಗೆ, ನಿಮಗೆ ಗೊತ್ತಿತ್ತಾ? ಆ ಡಾಕ್ಟ್ರ ಫೈಲು ಹಾಸಿಗೆ ಕೆಳಗಿಟ್ಕೊಂಡು ಒಂದು ವರ್ಷದಿಂದ ಮಲಗ್ತಿದೀರಾ? ನಾನು ಕನ್ನಡಕ ಕನ್ನಡಕ ಅಂತ ಕಾಯ್ತಾ ಇದೀನಿ. ಅದು ಕನ್ನಡಕದಿಂದ ಸರಿಹೋಗೋದೇ ಅಲ್ವಾ?

…

ಅಳಬೇಡಿ. ಬೈಯ್ತಾ ಇಲ್ಲ ನಾನು. ಬೈಯೋಕೆ ನನಗೇನು ಮುಖ ಇದೆ, ನಾನೂ ಬಾಯಿಗೆ ಬೀಗ ಹಾಕ್ಕೊಂಡೇ ಇದ್ದೆ. ನಮ್ಮೆಜಮಾನ್ರು ಹೋದಾಗ ನನ್ನ ಕೈಹಿಡಿದು ಕರ್ಕೊಂಡು ಬಂದು ಈ ಕೆಲಸಕ್ಕೆ ಸೇರಿಸಿದ್ದು ಅಣ್ಣ. ಮೊದಲ ಮೂರು ತಿಂಗಳು ನಂದೂ ನನ್ನ ಮಗೂದೂ ಊಟ ನಿಮ್ಮನೇಲೇ ಅಲ್ವಾ? ನೀವು ಒಂದು ದಿನಾನೂ ಮುಖ ಸಿಂಡರಿಸಲಿಲ್ಲ. ಅಂಥವರ ಹೊಟ್ಟೆ ಮೇಲೆ ನಾನು ಹೊಡೀಲಾ? ಅದನ್ನೇ ಬೆಳಿಗ್ಗೆಯಿಂದ ಕೇಳ್ಕೊಂಡು ಕೂತಿದೀನಿ.

…

ಹೇಳೋಕೆ ಹೋಗಿದ್ದೆ. ದೊಡ್ಡ ಮೇಡಂ ರೂಮಿನ ಮುಂದೆ ಮೂರು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಅವರೇ ತಲೆ ಎತ್ತಿ “ಏನಮ್ಮಾ?” ಅಂದ್ರು. “ಫಿನಾಯಿಲ್ ಖಾಲಿ ಮೇಡಂ” ಅಂದುಬಿಟ್ಟೆ. ಸಹಿ ಹಾಕಿ ಚೀಟಿ ಕೊಟ್ರು. ಐದು ಲೀಟರ್ ಕ್ಯಾನು ಹೊತ್ಕೊಂಡು ಬಂದಿದೀನಿ ಅತ್ತಿಗೆ, ಇಲ್ಲೇ ಕಾಲ ಹತ್ರ ಇದೆ. ನನ್ನ ಧೈರ್ಯ ಇಷ್ಟೇ ನೋಡಿ.

…

ಶಾಲೆ ಪರೀಕ್ಷೆ ಮುಗಿಯೋವರೆಗೂ ಸುಮ್ನಿರಬೇಕಾ? ಅಂದ್ರೆ ಇನ್ನೂ ಎರಡು ತಿಂಗಳು. ನಾನು ಹುಷಾರಾಗಿರ್ತೀನಿ ಅಂತೀರಿ, ಸರಿ. ಬೆಳಿಗ್ಗೇನೂ ಹುಷಾರಾಗೇ ಇದ್ನಲ್ಲಾ! ಒಂದು ಮಗು ವಾಂತಿ ಮಾಡಿದ್ರೆ? ಇಬ್ಬರು ಜುಟ್ಟು ಹಿಡ್ಕೊಂಡು ಕಿತ್ತಾಡಿದ್ರೆ? ನಾನು ಅವರನ್ನ ಬಿಡಿಸಲಾ, ಕಂಬಿ ಬಡೀಲಾ?

…

ಅದಕ್ಕೇ ನಿಮಗೆ ಫೋನ್ ಮಾಡಿದ್ದು. ನೀವು ಹೇಳಿ. ಅವರಿಗೆ ಫೋನ್ ಮಾಡಿ, ಎದೆ ನೋವು ಅನ್ನಿ, ಬಚ್ಚಲಲ್ಲಿ ಬಿದ್ದೆ ಅನ್ನಿ, ಏನೋ ಒಂದು ಸುಳ್ಳು ಹೇಳಿ ಮನೆಗೆ ಕರೆಸ್ಕೊಳ್ಳಿ. ಇವತ್ತಿನ ಮಟ್ಟಿಗೆ ಬೇರೆ ಡ್ರೈವರ್ ಬರ್ತಾರೆ. ಆಮೇಲೆ ನಿಧಾನಕ್ಕೆ ಕೂತು…

…

ಗೊತ್ತು. ಗಾಡಿ ಬಿಟ್ರೆ ಮನುಷ್ಯ ಉಳಿಯಲ್ಲ, ಗೊತ್ತು ನನಗೆ. ಇಪ್ಪತ್ತಾರು ವರ್ಷ. ಈ ಮಕ್ಕಳ ಅಪ್ಪಂದಿರು ಬಂದು “ನನ್ನನ್ನೂ ನೀವೇ ಕರ್ಕೊಂಡು ಹೋಗ್ತಿದ್ರಿ” ಅಂತ ಕೈ ಕುಲುಕ್ತಾರೆ ಅವರಿಗೆ. ಆದ್ರೆ ಅತ್ತಿಗೆ, ಒಂದು ಸಲ, ನೀವು ಒಂದೇ ಒಂದು ಸಲ ಹೇಳಿ. ನಿಮ್ಮ ಮಾತು ಕೇಳ್ತಾರೆ…

…

ಆಗಲ್ವಾ?… ನೀವು ಹೇಳಲ್ಲ, ನಾನೂ ಹೇಳಬಾರ್ದು. ಹಂಗಾದ್ರೆ ನಾನೇನು ಮಾಡ್ಲಿ? ಉಗುಳೋ ಹಂಗಿಲ್ಲ, ನುಂಗೋ ಹಂಗಿಲ್ಲ. ಯಾರನ್ನ ಕೇಳ್ಲಿ?

…

ಅಯ್ಯೋ, ಬೆಲ್ಲಾಯ್ತು. ಕೇಳಿಸ್ತಾ? ಇಡಬೇಡಿ, ಫೋನ್ ಇಡಬೇಡಿ. ನಡ್ಕೊಂಡೇ ಮಾತಾಡ್ತೀನಿ. ಮಕ್ಕಳು ಓಡಿ ಬರ್ತಿದಾರೆ… ಏಯ್, ನಿಧಾನ!… ಅಣ್ಣ ಸೀಟಿಗೆ ಹತ್ತಿದ್ರು. ಗಾಡಿ ಶುರು ಮಾಡಿದ್ರು. ಈಗಲೂ ಟೈಮಿದೆ ಅತ್ತಿಗೆ, ಒಂದು ಫೋನು, ಒಂದೇ ಒಂದು…

…

ಮಾತಾಡಿ. ಅತ್ತಿಗೆ, ಬರೀ ಅಳೋದೇ ಕೇಳಿಸ್ತಿದೆ ನನಗೆ.

…

ಬಾಗಿಲ ಹತ್ರ ಬಂದೆ. ಮೆಟ್ಟಿಲ ಮೇಲೆ ಹತ್ತಿ ನಿಂತಿದೀನಿ, ಅಡ್ಡ… ಇಲ್ಲ ಪುಟ್ಟಾ, ತಾಳು, ಹತ್ತಬೇಡ. ಯಾರೂ ಹತ್ತಬೇಡಿ… ಯಾಕೆ ಅಂತ ಕೇಳ್ತಿದಾವೆ. ಅಣ್ಣಾನೂ ಕೇಳ್ತಿದಾರೆ, “ಯಾಕಮ್ಮಾ, ಏನಾಯ್ತು?” ಅಂತ. ನನ್ನ ಮುಖ ನೋಡಿ ನಗ್ತಿದಾರೆ ಅತ್ತಿಗೆ. ಏನು ಹೇಳ್ಲಿ? ನೀವು ಹೇಳ್ತೀರಾ, ಫೋನ್ ಅವರ ಕೈಗೆ ಕೊಡ್ಲಾ?

…

ಅತ್ತಿಗೆ?

…

ಅಣ್ಣಾ, ಎಂಜಿನ್ ಆಫ್ ಮಾಡಿ… ಆಫ್ ಮಾಡಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ… ದೊಡ್ಡ ಮೇಡಂ ಈ ಕಡೆನೇ ಬರ್ತಿದಾರೆ ಅತ್ತಿಗೆ. ನನ್ನನ್ನ ಕ್ಷಮಿಸ್ಬೇಡಿ, ಪರವಾಗಿಲ್ಲ. ಮಕ್ಕಳು ಕಂಕುಳ ಕೆಳಗಿಂದ ನುಗ್ತಿದಾವೆ, ಒಂದು ಕೈಯಲ್ಲಿ ತಡೆಯೋಕಾಗ್ತಿಲ್ಲ. ಫೋನ್ ಇಡ್ತೀನಿ, ನನಗೆ ಎರಡೂ ಕೈ ಬೇ…