ಯಾರೂ ಇಲ್ಲ, ಬಾಗಿಲು ಹಾಕಿ

ದೀಪ ಬೇಕಾದ್ರೆ ಇರ್ಲಿ, ಆದ್ರೆ ಮಧ್ಯೆ ಯಾರೂ ಕಿಸಕ್ ಅನ್ನಬಾರದು. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು.

ಅಣ್ಣನಿಗೆ ನಾವಿಟ್ಟ ಹೆಸರು ಬೀಗ. ಬೀಗ ಹಾಕಿದ್ರೆ ಜಗ್ಗಿ ನೋಡ್ತಾನೆ, ನಾಲ್ಕು ಹೆಜ್ಜೆ ಹೋಗ್ತಾನೆ, ಮತ್ತೆ ಬಂದು ಜಗ್ತಾನೆ. ಕೆಲಸಾನೂ ಅದಕ್ಕೆ ತಕ್ಕ ಹಾಗೇ. ಊರಾಚೆ ಒಂದು ಬಯಲಲ್ಲಿ ಹಡಗಿನಿಂದ ಇಳಿಸಿದ ಹಳೇ ಕಂಟೇನರ್‌ಗಳಿದ್ವು, ಬಿತ್ತನೆ ಆಲೂಗಡ್ಡೆ ಇಡೋಕೆ. ಅವನು ಅಲ್ಲಿ ಕಾವಲು. ಅತ್ತಿಗೆಗೂ ಅಲ್ಲೇ, ಕೊಳೆತದ್ದನ್ನ ಆರಿಸೋ ಕೆಲಸ.

ಆ ಕಂಟೇನರ್ ಗೋಡೆ ಇದೆಯಲ್ಲ, ಸಿಕ್ಕಾಪಟ್ಟೆ ದಪ್ಪ, ಮಧ್ಯೆ ಫೋಮ್ ತುಂಬಿರ್ತಾರೆ. ಹೊರಗೆ ತಲೆ ಸುಡೋ ಬಿಸಿಲಿದ್ರೂ ಒಳಗೆ ಒಂದೇ ಸಮ ತಣ್ಣಗೆ. ಬಿಸಿಲು ಒಳಗೆ ಹೋಗಲ್ಲ... ಒಳಗಿನ ಕೂಗೂ ಹೊರಗೆ ಬರಲ್ಲ. ಗಾಳಿನೂ ಆಡಲ್ಲ. ರಾತ್ರಿ ಯಾರಾದ್ರೂ ಒಳಗೆ ಸಿಕ್ಕಿಹಾಕ್ಕೊಂಡ್ರೆ ಬೆಳಗ್ಗೆ ಹೆಣ ತೆಗೀಬೇಕು. ಅದಕ್ಕೇ ಬಾಗಿಲು ಮುಚ್ಚೋ ಮುಂಚೆ ತಗಡು ಬಡಿದು ಕೂಗೋ ಪದ್ಧತಿ ಇತ್ತು.

ಇದು ಆಗೋ ಹಿಂದಿನ ದಿನ ಗಂಡ ಹೆಂಡತಿಗೆ ಜಗಳ ಆಗಿತ್ತು. ಬೀಗ ನೋಡ್ಕೊಂಡು ಬರ್ತೀನಿ ಅಂತ ಹೋಗಿ, ಅತ್ತಿಗೆಯ ತಂಗಿ ಮದುವೆಗೆ ಹೋಗೋ ಬಸ್ ತಪ್ಪಿಸಿದ್ದ, ಮಹಾರಾಯ! ಅತ್ತಿಗೆ ಆಮೇಲೆ ತುಟಿ ಪಿಟಕ್ ಅಂದಿರಲಿಲ್ಲ.

ಮಾರನೇ ದಿನ ಕೆಲಸ ಮುಗಿದು ಕತ್ತಲಾಯ್ತು. ಅಣ್ಣ ಕೊನೇ ಕಂಟೇನರ್ ಹತ್ರ ಬಂದ. ಧಡ್... ಧಡ್... "ಯಾರಾದ್ರೂ ಇದ್ದೀರಾ?"

"ಯಾರೂ ಇಲ್ಲ... ಬಾಗಿಲು ಹಾಕಿ."

ಅತ್ತಿಗೆ ದನಿ. ಸದ್ಯ, ಮಾತಾಡಿದಳಲ್ಲ ಅಂತ ಇವನಿಗೆ ಖುಷಿ. ಹಿಂದೆಲ್ಲೋ ನಿಂತು ಅಣಕಿಸ್ತಿದ್ದಾಳೆ ಅಂದ್ಕೊಂಡ. ಕಿರ್ರ್... ಬಾಗಿಲು ಎಳೆದ. ಖಟಕ್. ಬೀಗ. ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ. ಮುಂದೆ ಹೋಗಿರ್ತಾಳೆ ಬಿಡು ಅಂದ್ಕೊಂಡ. ಜಗಳ ನೆನಪಾಗಿ, ಜನ್ಮದಲ್ಲಿ ಮೊದಲ ಸಲ, ಜಗ್ಗಿ ನೋಡದೇ ಹೊರಟ.

ದಾರೀಲಿ ಒಂದು ಹಾಳು ಬಾವಿ. ಎಷ್ಟೇ ಕೋಪ ಇದ್ರೂ ಅತ್ತಿಗೆ ಅದರ ಕಟ್ಟೆ ಈಚೆಗೇ ಕಾಯ್ತಿದ್ರು, ಕತ್ತಲಲ್ಲಿ ಒಬ್ಬರೇ ದಾಟ್ತಿರಲಿಲ್ಲ. ಆವತ್ತು ಅಲ್ಲಿ ಯಾರೂ ಇಲ್ಲ. ಬಾವಿಯೊಳಗೆ ಹನಿ ಬೀಳೋ ಸದ್ದು... ಟಪ್... ಟಪ್... ಆಗ ಹೊಳೀತು. ಆ ದನಿ ಬಂದಿದ್ದು ಹಿಂದಿನಿಂದ ಅಲ್ಲ. ಒಳಗಿಂದ!

ಅಯ್ಯೋ ದೇವರೇ ಅಂತ ಎದ್ನೋ ಬಿದ್ನೋ ಓಡಿದ. ಕತ್ತಲಲ್ಲೇ ತಡಕಾಡಿ ಬೀಗ ತೆಗೆದ. ಬಾಗಿಲು ತೆಗೆದ್ರೆ, ಮೂಟೆಗಳ ಸಂದೀಲಿ ಅತ್ತಿಗೆ ಕುಸಿದು ಕೂತಿದ್ದಾರೆ. ತುಟಿ ನೀಲಿ. ಬೇರೆ ಒಂದು ನರಪಿಳ್ಳೆ ಇಲ್ಲ.

"ಒಳಗಿದ್ದುಕೊಂಡು ಯಾಕೆ ಹಾಗಂದ್ಯೇ?"

ಅತ್ತಿಗೆ ಪಿಸುಗುಟ್ಟಿದ್ರು. "ನಾನಲ್ಲ... ನನ್ನ ಬಾಯಿ ಮುಚ್ಚಿ ಹಿಡ್ಕೊಂಡಿದ್ದಳಲ್ಲ... ಅವಳು ಅಂದಿದ್ದು. ಎಂಥಾ ತಣ್ಣನೆ ಕೈ ಗೊತ್ತಾ..."

ಮಾರನೇ ದಿನವೇ ಇಬ್ಬರೂ ಕೆಲಸ ಬಿಟ್ಟು ಬೇರೆ ಮನೆ ಮಾಡಿದ್ರು. ಜೀವ ಉಳೀತಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡ್ವಿ ನಾವೆಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ನಡುಮಧ್ಯಾಹ್ನ, ಕಾಲಿಡೋಕಾಗದ ಬಿಸಿಲು. ಬಾಗಿಲು ತಟ್ಟಿ "ಅತ್ತಿಗೇ, ಇದ್ದೀರಾ?" ಅಂದೆ.

"ಯಾರೂ ಇಲ್ಲ..."

ನನಗೆ ನಗು ಬಂತು. ಪರವಾಗಿಲ್ಲ, ತಮಾಷೆ ಮಾಡೋಷ್ಟು ಸುಧಾರಿಸಿದ್ದಾರೆ ಅಂತ ಚಿಲಕಕ್ಕೆ ಕೈ ಹಾಕ್ತೀನಿ, ಹೊರಗಿಂದ ಬೀಗ! ತಿರುಗಿದ್ರೆ ರಸ್ತೇಲಿ ಅತ್ತಿಗೆ ಬರ್ತಿದ್ದಾರೆ, ಕೈಯಲ್ಲಿ ತರಕಾರಿ ಚೀಲ. ನನ್ನ ಮುಖ ನೋಡಿದವರೇ ನಿಂತುಬಿಟ್ರು.

"ನಿನಗೂ ಹೇಳ್ತಾ?"

ನಾನು ಹೌದು ಅಂತ ತಲೆ ಆಡಿಸಿದೆ. ಅವರು ಬೀಗದ ಕೈ ನನ್ನ ಕಡೆ ಚಾಚಿ, ಇನ್ನೊಂದು ಕೈಯಿಂದ ತಮ್ಮ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡ್ರು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ಮುಟ್ಟಿದ್ದು ಇದೇ ಕೈ. ಅಷ್ಟು ಬಿಸಿಲಲ್ಲಿ ನೇತಾಡ್ತಿದ್ದ ಕಬ್ಬಿಣದ ಬೀಗ, ಆ ಕಂಟೇನರ್ ಒಳಗಿನ ಆಲೂಗಡ್ಡೆಯಷ್ಟೇ ತಣ್ಣಗಿತ್ತು.