ಓದದೆ ಮುಚ್ಚಿದ ಕಡತ

ವೇದಿಕೆಯ ಮೇಲಿರುವ ಹಿರಿಯ ವೈದ್ಯರಿಗೆ, ಭಾವನವರಿಗೆ, ಅಕ್ಕನ ಮಗಳಿಗೆ, ನನ್ನ ಜೊತೆ ದುಡಿಯುವ ಎಲ್ಲರಿಗೂ ನಮಸ್ಕಾರ.

ಅಕ್ಕ ಮತ್ತು ನಾನು ಈ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹದಿನಾಲ್ಕು ವರ್ಷ ಎದುರುಬದುರು ಕೂತವರು. ವೈದ್ಯರು ಬರೆದ ಕಾಯಿಲೆಗೆ ಕಂಪ್ಯೂಟರಿನಲ್ಲಿ ಒಂದು ಕೋಡ್ ಹಾಕುವುದು ನಮ್ಮ ಕೆಲಸ. ನಿಮ್ಮ ಅಕ್ಷರ — ಕ್ಷಮಿಸಿ ಡಾಕ್ಟ್ರೇ — ಬರೆದ ನಿಮಗೇ ಅರ್ಥವಾಗುವುದಿಲ್ಲ. ಅಕ್ಕ ಭೂತಗನ್ನಡಿ ಹಿಡಿದು, ಹೀಗೆ, ಮೂಗು ತಾಗಿಸಿ ಓದುತ್ತಿದ್ದರು. ನಾನೋ, ಓದಲಾಗದ್ದಕ್ಕೆಲ್ಲ ‘ಇತರೆ ಚರ್ಮರೋಗ’ ಎಂಬ ಕೋಡ್ ಒತ್ತಿ ಕೈತೊಳೆದುಕೊಳ್ಳುತ್ತಿದ್ದೆ. “ಇತರೆ ಅಂತ ಯಾರಿಗೂ ಕಾಯಿಲೆ ಬರಲ್ಲ ಕಣೋ, ಸೋಮಾರಿ” ಅಂತ ಬೈಯುತ್ತಿದ್ದರು.

ಹೋದ ವರ್ಷ, ಚರ್ಮದ ಕ್ಯಾನ್ಸರ್ ಇದ್ದೂ ಚಿಕಿತ್ಸೆಗೆ ಬಾರದವರನ್ನು ಹುಡುಕಿ ಕರೆಸಿ ಅಂತ ಆದೇಶ ಬಂತು. ಆ ಕೋಡ್ ಹಾಕಿ ಹುಡುಕಿದರೆ ನಲವತ್ತೊಂದು ಹೆಸರು. ನಾನು ಮುಗೀತು ಅಂದೆ. ಅಕ್ಕ ಬಿಡಲಿಲ್ಲ — ‘ಇತರೆ’ ಕಡತಗಳನ್ನೆಲ್ಲ ಕೆಳಗಿಳಿಸಿದರು. ಒಂದೊಂದೇ ಓದಿದರು. ಎಡಗೈಯ ಕೆಂಪು ಕಲೆಗಳನ್ನು ಕೆರೆದುಕೊಳ್ಳುತ್ತಾ ಓದಿದರು. “ಅಲರ್ಜಿ ಕಣೋ, ಹಾಳು ಧೂಳು” ಅನ್ನುತ್ತಿದ್ದರು. ಇನ್ನೂ ಹತ್ತೊಂಬತ್ತು ಜನ ಸಿಕ್ಕರು. ಅವರಲ್ಲಿ ಇಬ್ಬರು ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ಅಕ್ಕ ತೆರೆಯದ ಬೀರು ಒಂದೇ — ನಮ್ಮ ಸಿಬ್ಬಂದಿಯ ಕಡತಗಳದ್ದು. ಜೊತೆಯವರ ಕಾಯಿಲೆ ಎಲ್ಲರೂ ಓದಬಾರದು ಅಂತ ನಾವೇ ಮಾಡಿಕೊಂಡ ಕಟ್ಟಳೆ. ಬೀಗದ ಕೈ ನನ್ನೊಬ್ಬನ ಹತ್ತಿರ.

ಅಕ್ಕನ ಕೈಯ ಆ ಕಲೆಗಳ ಬಯಾಪ್ಸಿ ವರದಿ ಅದರೊಳಗಿತ್ತು. ಪರೀಕ್ಷೆಗೆ ಕಳಿಸಿದ ವೈದ್ಯರು ವರ್ಗವಾಗಿ ಹೋಗಿದ್ದರು. “ಏನಾದ್ರೂ ಇದ್ದಿದ್ರೆ ಕರೀತಿದ್ರು ಬಿಡು” ಅಂತ ಅಕ್ಕ ಸುಮ್ಮನಾದರು. ಆ ವರದಿಯನ್ನು ಓದದೆ ಕಡತಕ್ಕೆ ಸೇರಿಸಿ, ‘ಇತರೆ’ ಒತ್ತಿದವನು — ನಾನು. ಅಚ್ಚಾದ ಅಕ್ಷರ, ಭೂತಗನ್ನಡಿಯೂ ಬೇಕಿರಲಿಲ್ಲ. ಊಟದ ಹೊತ್ತಾಗಿತ್ತು, ಅಷ್ಟೇ ಕಾರಣ. ಗೊತ್ತಾಗುವಷ್ಟರಲ್ಲಿ ರೋಗ ಮೈಯೆಲ್ಲ ಹರಡಿತ್ತು.

ನಿನ್ನೆ ಹೋಗಿ ಭಾವನವರಿಗೆ ಎಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು: “ಅದನ್ನ ಓದಕ್ಕೆ ಎಷ್ಟು ಹೊತ್ತು ಬೇಕಿತ್ತಪ್ಪಾ?”

“ಎರಡು ನಿಮಿಷ, ಭಾವ.”

ಕ್ಷಮೆ ಕೇಳುವ ಮುಖ ನನಗಿಲ್ಲ. ಆ ಬೀರುವಿನಲ್ಲಿ ನಾನು ‘ಇತರೆ’ ಒತ್ತಿದ ಇನ್ನೂ ಹನ್ನೊಂದು ಕಡತಗಳಿವೆ — ಇಲ್ಲಿ ಕೂತಿರುವ ನಿಮ್ಮವೇ. ಬೆಳಿಗ್ಗೆ ಅವನ್ನು ಚರ್ಮದ ವೈದ್ಯರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಕರೆ ಬಂದರೆ ದಯವಿಟ್ಟು ಹೋಗಿ.

ಈಗ ಅಕ್ಕನಿಗಾಗಿ ಎಲ್ಲರೂ ಎದ್ದು ನಿಲ್ಲಬೇಕು. ಗಡಿಯಾರ ನಾನು ನೋಡುತ್ತೇನೆ. ಎರಡು ನಿಮಿಷ — ಪೂರ್ತಿ ಎರಡು ನಿಮಿಷ.